ಸ್ಫೋಟದ ಹತ್ರ ಇದ್ದ ಸೈನಿಕರ ನೆನಪು, ಗಮನ, ಯೋಚನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬಾಂಬ್, ಐಇಡಿ, ಶೆಲ್, ರಾಕೆಟ್ ಹತ್ರ ಸಿಡಿದಾಗ ಅಲ್ಲಿದ್ದು, ಮೈಮೇಲೆ ಗಾಯ ಇಲ್ದೇ ಎದ್ದು ನಡ್ಕೊಂಡು ಬಂದು, ಆಮೇಲೆ "ಯಾಕೋ ತಲೆ ಮೊದಲಿನ ಥರ ಓಡ್ತಿಲ್ಲ" ಅನ್ನೋ ಸೈನಿಕರಿಗೆ ಮತ್ತೆ ಅವರ ಮನೆಯವರಿಗೆ ಅಂತ ಬರ್ದಿರೋದು ಇದು. ಈ ವಿಷಯದ ಸಂಶೋಧನೆ ಜಾಸ್ತಿ ನಡ್ದಿರೋದು ಇರಾಕ್, ಅಫ್ಘಾನಿಸ್ತಾನಕ್ಕೆ ಹೋಗಿಬಂದ ಅಮೆರಿಕದ ಸೈನಿಕರ ಮೇಲೆ, ಹಾಗಾಗಿ ಅಂಕಿಅಂಶ ಹೆಚ್ಚಾಗಿ ಅಲ್ಲಿಂದಾನೇ ಬರತ್ತೆ.

ತಲೆಗೆ ಏನೂ ತಾಗೇ ಇಲ್ಲ, ಬರೀ ಹತ್ರ ಸಿಡೀತು ಅಷ್ಟೇ. ಇಷ್ಟಕ್ಕೇ ಮೆದುಳಿಗೆ ಪೆಟ್ಟಾಗತ್ತಾ?

ಆಗ್ಬಹುದು. ಸಿಡಿದ ಕ್ಷಣ ಗಾಳಿಯ ಒತ್ತಡ ಒಂದೇ ಸಲಕ್ಕೆ ಏರಿ, ಕೆಲವೇ ಮಿಲಿಸೆಕೆಂಡಲ್ಲಿ ಇಳಿದು, ಮಾಮೂಲಿ ಒತ್ತಡಕ್ಕಿಂತ ಕೆಳಗೂ ಹೋಗಿ ವಾಪಸ್ ಬರತ್ತೆ. ಈ ಅಲೆ ಮೈಯನ್ನ ದಾಟ್ಕೊಂಡೇ ಹೋಗತ್ತೆ, ತಲೆಬುರುಡೆಯೂ ಅದಕ್ಕೆ ಅಡ್ಡ ಗೋಡೆ ಆಗಲ್ಲ. ಅದು ಮೆದುಳಿಗೆ ಹೇಗೆ ಏಟು ಕೊಡತ್ತೆ ಅನ್ನೋದ್ರ ಬಗ್ಗೆ ಬೇರೆ ಬೇರೆ ವಾದ ಇದೆ, ಬುರುಡೆ ಮೂಲಕ ನೇರವಾಗಿ ಹೋಗತ್ತೆ ಅಂತ ಕೆಲವರು, ಬುರುಡೆ ಸ್ವಲ್ಪ ಬಗ್ಗಿ ಒಳಗೆ ಒತ್ತತ್ತೆ ಅಂತ ಕೆಲವರು, ಎದೆ ಮೇಲೆ ಬಿದ್ದ ಒತ್ತಡ ರಕ್ತನಾಳದಲ್ಲಿ ಮೇಲಕ್ಕೆ ನುಗ್ಗತ್ತೆ ಅಂತ ಇನ್ನು ಕೆಲವರು. ಬಯಲಲ್ಲಿ ದೂರ ಹೆಚ್ಚಾದ ಹಾಗೆ ಒತ್ತಡ ಬೇಗ ಇಳಿಯತ್ತೆ. ಆದ್ರೆ ರೂಮಿನ ಒಳಗೋ, ಗಾಡಿ ಒಳಗೋ, ಗೋಡೆ ಪಕ್ಕದಲ್ಲೋ ಇದ್ರೆ ಅಲೆ ತಾಗಿ ತಿರುಗಿ ಬಂದು ಏಟು ಜಾಸ್ತಿ ಆಗತ್ತೆ.

ಇನ್ನೊಂದು ಮಾತು, ಯುದ್ಧಭೂಮಿಯಲ್ಲಿ ಒತ್ತಡದ ಅಲೆ ಒಂದೇ ಬರೋದು ಅಪರೂಪ. ಚೂರುಗಳು ಹಾರ್ತಾವೆ, ಮನುಷ್ಯ ಎಗರಿ ಬೀಳ್ತಾನೆ, ತಲೆ ಗಾಡಿಯ ಬಾಗಿಲಿಗೆ ಹೊಡೆಯತ್ತೆ, ಹೊಗೆ ಕುಡಿದಿರ್ತಾನೆ. ಎಲ್ಲ ಒಟ್ಟಿಗೇ ಆಗಿರತ್ತೆ, ಯಾವುದ್ರಿಂದ ಎಷ್ಟು ಅಂತ ಬಿಡಿಸಿ ಹೇಳೋದು ಕಷ್ಟ.

ಡಾಕ್ಟರ್ "ಮೈಲ್ಡ್" ಅಂತ ಬರ್ದಿದಾರೆ. ಅಂದ್ರೆ ಚಿಂತೆ ಮಾಡೋ ಹಾಗಿಲ್ಲ ಅಂತಾನಾ?

ಅದು ಪೆಟ್ಟಾದ ಹೊತ್ತಲ್ಲಿ ಏನಾಯ್ತು ಅನ್ನೋದ್ರ ಅಳತೆ. ಪ್ರಜ್ಞೆ ತಪ್ಪಿದ್ರೆ 30 ನಿಮಿಷದ ಒಳಗೆ ವಾಪಸ್ ಬಂದಿರ್ಬೇಕು, ಗಲಿಬಿಲಿ ಅಥವಾ ಆ ಹೊತ್ತಿನ ನೆನಪು ಇಲ್ದೇ ಇರೋದು 24 ಗಂಟೆ ದಾಟಿರ್ಬಾರ್ದು, ಎಷ್ಟು ಎಚ್ಚರ ಇದೆ ಅಂತ 15ಕ್ಕೆ ಅಳೆಯೋ ಗ್ಲಾಸ್ಗೋ ಸ್ಕೋರ್ 13ರಿಂದ 15ರ ಒಳಗೆ ಇರ್ಬೇಕು, ಸಾಮಾನ್ಯ ಸ್ಕ್ಯಾನಲ್ಲಿ ಏನೂ ಕಾಣ್ಬಾರ್ದು. ಇಷ್ಟಿದ್ರೆ ಮೈಲ್ಡ್, ಕನ್ಕಷನ್ ಅಂತ ಕರೆಯೋದೂ ಇದನ್ನೇ. ಪ್ರಜ್ಞೆ ತಪ್ಪಲೇಬೇಕು ಅಂತೇನಿಲ್ಲ, ಎರಡು ನಿಮಿಷ ಎಲ್ಲಿದೀನಿ ಅಂತ ಗೊತ್ತಾಗದೆ ನಿಂತಿದ್ರೂ ಸಾಕು. ಮುಂದಿನ ಆರು ತಿಂಗಳು ಹೇಗಿರತ್ತೆ ಅಂತ ಈ ಅಳತೆ ಹೇಳಲ್ಲ. 2000ದಿಂದ ಈಚೆಗೆ ಅಮೆರಿಕದ ಸೇನೆಯಲ್ಲಿ ಮೆದುಳಿಗೆ ಪೆಟ್ಟಾಗಿದೆ ಅಂತ ದಾಖಲಾದವರು ಸುಮಾರು 5 ಲಕ್ಷ, ಅದ್ರಲ್ಲಿ ಶೇ 80ಕ್ಕಿಂತ ಜಾಸ್ತಿ ಮೈಲ್ಡ್. ಇವರೆಲ್ಲಾ ಯುದ್ಧದಲ್ಲೇ ಪೆಟ್ಟು ತಿಂದವರಲ್ಲ, ಟ್ರೇನಿಂಗು, ಆಟ, ವಾಹನ ಅಪಘಾತ ಎಲ್ಲ ಸೇರಿದೆ.

ಸ್ಕ್ಯಾನ್ ನಾರ್ಮಲ್ ಬಂತು. ಹಾಗಾದ್ರೆ ಏನೂ ಆಗಿಲ್ಲ ಅಂತ ಅಲ್ವಾ?

ಸಿಟಿ ಸ್ಕ್ಯಾನ್ ಮಾಡೋದು ಮುಖ್ಯವಾಗಿ ರಕ್ತಸ್ರಾವ ಇದ್ಯಾ, ಮೂಳೆ ಮುರಿದಿದ್ಯಾ, ಆಪರೇಷನ್ ಬೇಕಾ ಅಂತ ನೋಡೋಕೆ. ಆ ಪ್ರಶ್ನೆಗೆ ಅದು ಸರಿಯಾಗೇ ಉತ್ತರ ಕೊಡತ್ತೆ. ಮೆದುಳಿನ ಒಂದು ಭಾಗದಿಂದ ಇನ್ನೊಂದಕ್ಕೆ ಹೋಗೋ ಸಣ್ಣ ನರತಂತುಗಳು ಎಳೆದು ಜಗ್ಗಿ ಹಾಳಾಗಿದ್ರೆ ಅದು ಸಿಟಿಯಲ್ಲೂ ಕಾಣಲ್ಲ, ಮಾಮೂಲಿ ಎಂಆರ್‌ಐಯಲ್ಲೂ ಸಾಮಾನ್ಯವಾಗಿ ಕಾಣಲ್ಲ. 2011ರಲ್ಲಿ ಕ್ರಿಸ್ಟೀನ್ ಮ್ಯಾಕ್‌ಡೊನಾಲ್ಡ್ ಮತ್ತೆ ಅವರ ತಂಡ ಸ್ಫೋಟದಲ್ಲಿ ಕನ್ಕಷನ್ ಆದ 63 ಸೈನಿಕರಿಗೆ ಡಿಟಿಐ ಅನ್ನೋ ವಿಶೇಷ ಎಂಆರ್‌ಐ ಮಾಡಿದಾಗ ಹಲವರಲ್ಲಿ ನರತಂತುಗಳಿಗೆ ಪೆಟ್ಟಾದ ಗುರುತು ಸಿಕ್ತು, ಎಲ್ಲರಲ್ಲೂ ಸಿಗಲಿಲ್ಲ. 2016ರಲ್ಲಿ ಡೇನಿಯಲ್ ಪರ್ಲ್ ಅವರ ಗುಂಪು ತೀರಿಕೊಂಡ ಸೈನಿಕರ ಮೆದುಳನ್ನ ಸೂಕ್ಷ್ಮದರ್ಶಕದಲ್ಲಿ ನೋಡಿ, ಬೂದು ಭಾಗ ಮತ್ತೆ ಬಿಳಿ ಭಾಗ ಸೇರೋ ಗಡಿಯಲ್ಲಿ, ರಕ್ತನಾಳದ ಸುತ್ತ ಒಂದು ಥರದ ಕಲೆ ಕಟ್ಟಿರೋದನ್ನ ತೋರಿಸ್ತು. ಬದುಕಿರೋರಲ್ಲಿ ಇದನ್ನ ನೋಡೋ ಮಾಮೂಲಿ ಪರೀಕ್ಷೆ ಇಲ್ಲ, ಡಿಟಿಐ ಕೂಡ ಇನ್ನೂ ಒಬ್ಬೊಬ್ಬ ರೋಗಿಗೆ "ನಿಂಗೆ ಆಗಿದೆ, ನಿಂಗೆ ಆಗಿಲ್ಲ" ಅಂತ ಹೇಳೋ ಮಟ್ಟಕ್ಕೆ ಬಂದಿಲ್ಲ. ಹಾಗಾಗಿ ನಾರ್ಮಲ್ ರಿಪೋರ್ಟ್ ಕೈಯಲ್ಲಿ ಹಿಡ್ಕೊಂಡು "ನೀನು ನಾಟಕ ಆಡ್ತಿದೀಯ" ಅಂತ ಯಾರಾದ್ರೂ ಅಂದ್ರೆ ಅದು ಅನ್ಯಾಯ.

ಯೋಚನೆಯಲ್ಲಿ, ನೆನಪಲ್ಲಿ ಏನೇನು ವ್ಯತ್ಯಾಸ ಕಾಣತ್ತೆ?

ಹಳೇದೆಲ್ಲಾ ಮರೆತು ಹೋಗೋ ಥರ ಇರಲ್ಲ. ಊರಿನ ಹೆಸರು, ಹೆಂಡ್ತಿ ಮಕ್ಕಳ ಹೆಸರು, ಕಲಿತ ಕೆಲಸ ಎಲ್ಲ ಹಾಗೇ ಇರತ್ತೆ. ಕೈಕೊಡೋದು ಬೇರೆ ಕಡೆ. ಮೊದಲನೇದು ವೇಗ, ಉತ್ತರ ಗೊತ್ತಿರತ್ತೆ ಆದ್ರೆ ಬರೋಕೆ ಹೊತ್ತು ಹಿಡಿಯತ್ತೆ, ಯಾರೋ ಮಾತಾಡ್ತಿದ್ರೆ ಅವರು ಮುಂದಿನ ವಾಕ್ಯಕ್ಕೆ ಹೋಗಿರ್ತಾರೆ ಇವನು ಹಿಂದಿನ ವಾಕ್ಯದಲ್ಲೇ ಇರ್ತಾನೆ. ಎರಡನೇದು ಗಮನ, ಅದ್ರಲ್ಲೂ ಎರಡು ಕಡೆ ಒಟ್ಟಿಗೆ ಗಮನ ಕೊಡೋದು. ರೇಡಿಯೋ ಕೇಳ್ಕೊಂಡೇ ಮ್ಯಾಪ್ ನೋಡ್ಕೊಂಡೇ ಗಾಡಿ ಓಡಿಸ್ತಿದ್ದವನು ಈಗ ಟಿವಿ ಆನ್ ಇದ್ರೆ ಫೋನಲ್ಲಿ ಮಾತಾಡೋಕಾಗಲ್ಲ ಅಂತಾನೆ. ಮೂರನೇದು ಹೊಸ ವಿಷಯ ಹಿಡಿದಿಟ್ಕೊಳೋದು, ಅದೇ ಪುಟ ಎರಡೆರಡು ಸಲ ಓದೋದು, ಹೇಳಿದ ಕೆಲಸ ಅರ್ಧ ಗಂಟೆಗೆ ಮರೆಯೋದು, ರೂಮಿಗೆ ಯಾಕೆ ಬಂದೆ ಅಂತ ನಿಂತ್ಕೊಳೋದು.

ಆಮೇಲೆ ಹೊರಗಿನವರಿಗೆ ಕಾಣದೇ ಇರೋದು ಒಂದಿದೆ, ಕೆಲಸಗಳನ್ನ ಜೋಡಿಸ್ಕೊಂಡು ಪ್ಲಾನ್ ಮಾಡೋದು, ಒಂದು ಪ್ಲಾನ್ ಕೆಟ್ರೆ ಇನ್ನೊಂದಕ್ಕೆ ಬದಲಾಯಿಸ್ಕೊಳೋದು, ಸಿಟ್ಟು ಬಂದಾಗ ಒಂದು ಕ್ಷಣ ತಡೆಯೋದು. ಬಾಯಿಗೆ ಪದ ಸಿಗದೇ ಇರೋದೂ ಉಂಟು. ಬಹಳ ಜನ ಹೇಳೋದು ಬೆಳಗ್ಗೆ ಚೆನ್ನಾಗಿರ್ತೀನಿ, ಮಧ್ಯಾಹ್ನದ ಮೇಲೆ ತಲೆ ಮಂಜು ಮಂಜು ಅಂತ, ಯಾಕಂದ್ರೆ ಮೊದಲು ಸಲೀಸಾಗಿ ಆಗ್ತಿದ್ದ ಕೆಲಸಕ್ಕೆ ಈಗ ಮೆದುಳು ಜಾಸ್ತಿ ದುಡೀಬೇಕು, ಬೇಗ ಸುಸ್ತಾಗತ್ತೆ. ಇದರ ಜೊತೆಗೆ ತಲೆನೋವು, ತಲೆ ತಿರುಗೋದು, ಬೆಳಕು ಸದ್ದು ತಡೆಯೋಕಾಗದೇ ಇರೋದು, ಕಿವಿಯಲ್ಲಿ ಗುಂಯ್ ಅನ್ನೋದು ಎಲ್ಲ ಇರ್ಬಹುದು.

ಕಿವಿ ವಿಷಯ ಇಲ್ಲೇ ಹೇಳ್ತೀನಿ. ಸ್ಫೋಟದಲ್ಲಿ ಕಿವಿಗೂ ಪೆಟ್ಟಾಗಿರತ್ತೆ. ಕೆಲವರಿಗೆ ಕೇಳಿಸೋ ಪರೀಕ್ಷೆ ಸರಿ ಬಂದ್ರೂ ಗಲಾಟೆ ಇರೋ ಕಡೆ ಮಾತು ಬಿಡಿಸ್ಕೊಳೋಕೆ ಆಗಲ್ಲ, ಅದನ್ನ ಮನೆಯವರು "ಮರೆವು" ಅಂತಲೋ "ನನ್ನ ಮಾತು ಲೆಕ್ಕಕ್ಕೇ ಇಲ್ಲ" ಅಂತಲೋ ಅಂದ್ಕೊಳ್ತಾರೆ. ಕಿವಿ ಪರೀಕ್ಷೆ ಮಾಡಿಸ್ದೇ ನೆನಪಿನ ಪರೀಕ್ಷೆಗೆ ಹೋಗ್ಬೇಡಿ.

ಎಷ್ಟು ದಿನದಲ್ಲಿ ಸರಿ ಹೋಗತ್ತೆ?

ಒಂದೇ ಸಲ ಆಗಿದ್ರೆ ಹೆಚ್ಚಿನವರು ಕೆಲವು ವಾರದಲ್ಲಿ, ಮೂರು ತಿಂಗಳ ಒಳಗೆ ಸುಧಾರಿಸ್ಕೊಳ್ತಾರೆ. ಇದನ್ನ ಮೊದಲ ದಿನವೇ ಹೇಳೋದು ಚಿಕಿತ್ಸೆಯ ಒಂದು ಭಾಗ, ಹುಷಾರಾಗ್ತೀನಿ ಅನ್ನೋ ನಂಬಿಕೆ ಇದ್ದವರು ಚೆನ್ನಾಗಿ ಸುಧಾರಿಸ್ತಾರೆ. ಆದ್ರೆ ಒಂದು ಪಾಲು ಜನಕ್ಕೆ ತೊಂದರೆ ವರ್ಷಗಟ್ಟಲೆ ಉಳಿಯತ್ತೆ. ಮೇಲೆ ಹೇಳಿದ ಮ್ಯಾಕ್‌ಡೊನಾಲ್ಡ್ ಅವರೇ 2017ರಲ್ಲಿ ಐದು ವರ್ಷದ ಲೆಕ್ಕ ಕೊಟ್ರು: ಸ್ಫೋಟದಲ್ಲಿ ಕನ್ಕಷನ್ ಆಗಿದ್ದ 50 ಜನರಲ್ಲಿ 36 ಜನ ಒಂದನೇ ವರ್ಷಕ್ಕಿಂತ ಐದನೇ ವರ್ಷಕ್ಕೆ ದಿನನಿತ್ಯದ ಬದುಕಲ್ಲಿ ಹಿಂದೆ ಬಿದ್ದಿದ್ರು. ಇವರು ಯುದ್ಧಭೂಮಿಯಿಂದ ವೈದ್ಯಕೀಯ ಕಾರಣಕ್ಕೆ ಹೊರಗೆ ಕಳಿಸಿದವರು, ಹಾಗಾಗಿ ಈ ಸಂಖ್ಯೆನ ಎಲ್ಲರಿಗೂ ಹಚ್ಚೋದು ತಪ್ಪು. ಆದ್ರೂ ಒಂದನೇ ವರ್ಷ ಮುಗಿದ ಕೂಡ್ಲೇ ಫೈಲ್ ಮುಚ್ಚೋದು ಸರಿಯಲ್ಲ ಅಂತ ಇದ್ರಿಂದ ಗೊತ್ತಾಗತ್ತೆ.

ಇದು ಮೆದುಳಿನ ಪೆಟ್ಟಾ, ಪಿಟಿಎಸ್‌ಡಿನಾ (ಭಯಾನಕ ಘಟನೆ ಆದ್ಮೇಲೆ ಮನಸ್ಸಲ್ಲಿ ಉಳಿಯೋ ಆಘಾತದ ಕಾಯಿಲೆ)?

ಅತಿ ಹೆಚ್ಚು ಜನ ಕೇಳೋದು ಇದನ್ನೇ, ಅತಿ ಹೆಚ್ಚು ಜಗಳ ಇರೋದೂ ಇಲ್ಲೇ. ಈ ಜಗಳಕ್ಕೆ ನೂರು ವರ್ಷ ದಾಟಿದೆ. ಮೊದಲ ಮಹಾಯುದ್ಧದಲ್ಲಿ ಶೆಲ್ ದಾಳಿಯಿಂದ ಬಂದವರು ನಡುಗ್ತಾ, ಮರೀತಾ, ಮಾತು ನಿಂತು ಆಸ್ಪತ್ರೆ ಸೇರಿದಾಗ 1915ರಲ್ಲಿ ಬ್ರಿಟಿಷ್ ಸೇನೆಯ ಡಾಕ್ಟರ್ ಚಾರ್ಲ್ಸ್ ಮಯರ್ಸ್ "ಶೆಲ್ ಶಾಕ್" ಅಂತ ಬರೆದ್ರು. ಫ್ರೆಡ್ರಿಕ್ ಮಾಟ್ ಥರದವರು ಮೆದುಳಿಗೇ ಪೆಟ್ಟಾಗಿರ್ಬಹುದು ಅಂದ್ರು, ಆಮೇಲೆ ಮನಸ್ಸಿನ ಆಘಾತ ಅನ್ನೋ ಕಡೆಗೆ ತಕ್ಕಡಿ ವಾಲಿತು.

2008ರಲ್ಲಿ ಚಾರ್ಲ್ಸ್ ಹೋಗ್ ತಂಡ ಇರಾಕ್‌ನಿಂದ ವಾಪಸ್ ಬಂದ 2525 ಸೈನಿಕರನ್ನ ಕೇಳಿ ನೋಡ್ತು. ಪೆಟ್ಟಾಗಿ ಪ್ರಜ್ಞೆ ತಪ್ಪಿತ್ತು ಅಂದವರಲ್ಲಿ ಸುಮಾರು ಶೇ 44 ಜನಕ್ಕೆ ಪಿಟಿಎಸ್‌ಡಿ ಲಕ್ಷಣ ಇತ್ತು, ಯಾವ ಗಾಯವೂ ಆಗದೇ ಇದ್ದವರಲ್ಲಿ ಅದು ಶೇ 9. ಪಿಟಿಎಸ್‌ಡಿ ಮತ್ತೆ ಡಿಪ್ರೆಷನ್ ಲೆಕ್ಕ ಬೇರೆ ತೆಗೆದು ನೋಡಿದ್ರೆ, ತಲೆನೋವು ಬಿಟ್ಟು ಉಳಿದ ದೇಹದ ತೊಂದರೆಗಳಿಗೆ ಕನ್ಕಷನ್ ಜೊತೆ ಗಟ್ಟಿ ಸಂಬಂಧ ಉಳೀಲಿಲ್ಲ. ಇದನ್ನ ಓದಿ ಕೆಲವರು "ಎಲ್ಲಾ ಮನಸ್ಸಿಂದೇ" ಅಂತ ಷರಾ ಬರೆದ್ರು. ನನಗೆ ಅದು ಒಪ್ಪಿಗೆ ಇಲ್ಲ. ಮೆದುಳಿನ ಯಾವ ಭಾಗ ಹೆದರಿಕೆಯನ್ನ ಹತೋಟಿಯಲ್ಲಿ ಇಡತ್ತೋ, ಆ ಮುಂಭಾಗಕ್ಕೆ ಹೋಗೋ ದಾರಿಗಳಿಗೇ ಪೆಟ್ಟಾಗಿದ್ರೆ ಪಿಟಿಎಸ್‌ಡಿ ಬರೋದೂ ಸುಲಭ ಆಗ್ಬಹುದು. ಪಿಟಿಎಸ್‌ಡಿ ತಾನೇ ನಿದ್ದೆ ಕೆಡಿಸತ್ತೆ, ನಿದ್ದೆ ಇಲ್ದೇ ಇರೋದು ನೆನಪು ಕೆಡಿಸತ್ತೆ, ನೆನಪು ಕೆಟ್ರೆ ಭಯ ಜಾಸ್ತಿ ಆಗತ್ತೆ. ಒಂದೇ ಮನುಷ್ಯನಲ್ಲಿ ಎರಡೂ ಇರೋದು ಮಾಮೂಲು.

ಗೊತ್ತಾಗ್ಬೇಕಾಗಿರೋದು ಇಷ್ಟು: ಕೆಟ್ಟ ಕನಸು, ಘಟನೆ ಕಣ್ಮುಂದೆ ಮತ್ತೆ ಬರೋದು, ಅಲ್ಲಿಗೆ ಹೋಗದೇ ತಪ್ಪಿಸ್ಕೊಳೋದು, ಇವೆಲ್ಲ ಪಿಟಿಎಸ್‌ಡಿ ಕಡೆಗೆ ಬೆರಳು ತೋರಿಸ್ತವೆ. ತಲೆನೋವು, ತಲೆ ತಿರುಗೋದು, ಬೆಳಕು ತಡೆಯೋಕಾಗದೇ ಇರೋದು ಪೆಟ್ಟಿನ ಕಡೆಗೆ. ಸಿಡುಕು, ನಿದ್ದೆ, ಮರೆವು, ಗಮನ ಇಲ್ದೇ ಇರೋದು ಎರಡರಲ್ಲೂ ಬರತ್ತೆ. ಕಾರಣ ಪಕ್ಕಾ ಆದ್ಮೇಲೆ ಚಿಕಿತ್ಸೆ ಅಂತ ಕಾಯ್ತಾ ಕೂತ್ರೆ ವರ್ಷಗಳು ಹೋಗತ್ತೆ, ಅಷ್ಟ್ರಲ್ಲಿ ಕೆಲಸ, ಸಂಸಾರ ಎರಡೂ ಹಾಳಾಗಿರತ್ತೆ. ಪಿಟಿಎಸ್‌ಡಿಗೆ ಒಳ್ಳೇ ಥೆರಪಿಗಳಿವೆ, ಮೆದುಳಿಗೆ ಪೆಟ್ಟಾದವರಿಗೂ ಅವು ಕೆಲಸ ಮಾಡ್ತವೆ. ಹಾಗಾಗಿ ಯಾವುದನ್ನ ಸರಿ ಮಾಡೋಕಾಗತ್ತೋ ಅದನ್ನ ಈಗಲೇ ಶುರು ಮಾಡಿ.

ನೆನಪು, ಯೋಚನೆಯ ಪರೀಕ್ಷೆಯಲ್ಲಿ ಎಲ್ಲ ನಾರ್ಮಲ್ ಅಂತ ಬಂತು, ಆದ್ರೆ ಅವರಿಗೆ ಕಷ್ಟ ಆಗ್ತಿದೆ. ಯಾರನ್ನ ನಂಬೋದು?

ಇಬ್ಬರನ್ನೂ. ಪರೀಕ್ಷೆ ನಡೆಯೋದು ಸದ್ದಿಲ್ಲದ ರೂಮಲ್ಲಿ, ಒಬ್ಬರೇ ಕೂತು, ಒಂದು ಸಲಕ್ಕೆ ಒಂದೇ ಕೆಲಸ. ಬದುಕು ಹಾಗಿರಲ್ಲ. ಹಲವು ಅಧ್ಯಯನಗಳನ್ನ ಒಟ್ಟು ಸೇರಿಸಿ ನೋಡಿದಾಗಲೂ ಗುಂಪಿನ ಮಟ್ಟದಲ್ಲಿ ಸಿಗೋ ಇಳಿತ ಸಣ್ಣದು, ಅದೂ ಮುಖ್ಯವಾಗಿ ಒಂದು ಕೆಲಸದಿಂದ ಇನ್ನೊಂದಕ್ಕೆ ಬದಲಾಗೋದು, ಕೇಳಿದ್ದನ್ನ ಸ್ವಲ್ಪ ಹೊತ್ತಾದ್ಮೇಲೆ ನೆನಪಿಸ್ಕೊಳೋದು, ವೇಗ ಇವುಗಳಲ್ಲಿ. ಇನ್ನೊಂದು, ಮೊದಲು ಬಹಳ ಚುರುಕಾಗಿದ್ದವನು ಸ್ವಲ್ಪ ಇಳಿದ್ರೂ ಸರಾಸರಿ ಒಳಗೇ ಇರ್ತಾನೆ, ಕಾಗದದ ಮೇಲೆ ನಾರ್ಮಲ್. ಇದಕ್ಕೇ ಅಮೆರಿಕದ ಸೇನೆ 2008ರಿಂದ ಯುದ್ಧಕ್ಕೆ ಕಳಿಸೋ ಮುಂಚೆಯೇ ಕಂಪ್ಯೂಟರ್ ಮೇಲೆ ಒಂದು ಪರೀಕ್ಷೆ ಮಾಡಿ ಇಟ್ಕೊಳೋಕೆ ಶುರು ಮಾಡ್ತು, ಆಮೇಲೆ ಹೋಲಿಸಿ ನೋಡೋಕೆ ಅಂತ. ಅಂಥದ್ದೇನಾದ್ರೂ ಆಗಿದ್ರೆ ಆ ರಿಪೋರ್ಟ್ ಕೇಳಿ ತಗೊಳಿ.

ಪರೀಕ್ಷೆಯಲ್ಲಿ ಮನಸ್ಸಿಟ್ಟು ಮಾಡಿದ್ದಾರಾ ಅಂತ ನೋಡೋ ಭಾಗನೂ ಇರತ್ತೆ. ಅದ್ರಿಂದ ಬೇಜಾರಾಗ್ಬೇಡಿ, ಎಲ್ಲರಿಗೂ ಇರತ್ತೆ. ಹಿಂದಿನ ರಾತ್ರಿ ನಿದ್ದೆ ಮಾಡಿ ಹೋಗಿ, ತಗೊಳೋ ಮಾತ್ರೆಗಳ ಪಟ್ಟಿ ಹಿಡ್ಕೊಂಡು ಹೋಗಿ.

ಸ್ಫೋಟದಿಂದ ಆದ ಪೆಟ್ಟು, ಬಿದ್ದೋ ಆಕ್ಸಿಡೆಂಟಲ್ಲೋ ಆದ ಪೆಟ್ಟಿಗಿಂತ ಕೆಟ್ಟದ್ದಾ?

ಯೋಚನೆ, ನೆನಪಿನ ಪರೀಕ್ಷೆಗಳಲ್ಲಿ ಎರಡಕ್ಕೂ ದೊಡ್ಡ ವ್ಯತ್ಯಾಸ ಸಿಕ್ಕಿಲ್ಲ. ಕಿವಿ ತೊಂದರೆ, ಪಿಟಿಎಸ್‌ಡಿ ಸ್ಫೋಟದವರಲ್ಲಿ ಜಾಸ್ತಿ.

ಆ ದಿನ ಚೆನ್ನಾಗೇ ಇದ್ರು. ಆಮೇಲೆ ಶುರುವಾಗೋದು ಸಾಧ್ಯನಾ?

ಸಾಧ್ಯ. 2020ರ ಜನವರಿ 8ರಂದು ಇರಾನಿನ ಕ್ಷಿಪಣಿಗಳು ಇರಾಕ್‌ನ ಅಲ್ ಅಸಾದ್ ನೆಲೆ ಮೇಲೆ ಬಿದ್ದಾಗ ಮೊದಲು ಯಾರಿಗೂ ಏನೂ ಆಗಿಲ್ಲ ಅಂತ ಹೇಳಿದ್ರು. ವಾರಗಳು ಕಳೆದ ಹಾಗೆ ಮೆದುಳಿಗೆ ಪೆಟ್ಟಾಗಿದೆ ಅಂತ ಗೊತ್ತಾದವರ ಸಂಖ್ಯೆ 100 ದಾಟ್ತು. ಘಟನೆ ಬಿಸಿಯಲ್ಲಿ ಮೈ ತುಂಬಾ ಅಡ್ರಿನಲಿನ್ ಇರತ್ತೆ, ಜೊತೆಗಿದ್ದವರನ್ನ ನೋಡ್ಕೊಳೋದು ಇರತ್ತೆ, ತನ್ನ ತಲೆ ಕಡೆ ಯಾರ ಗಮನವೂ ಹೋಗಲ್ಲ. ಅದಕ್ಕೇ 2010ರಿಂದ ಅಮೆರಿಕದ ಸೇನೆಯಲ್ಲಿ ಸ್ಫೋಟದಿಂದ 50 ಮೀಟರ್ ಒಳಗೆ ಇದ್ದವರನ್ನೆಲ್ಲಾ, ಅವರು ಹುಷಾರಾಗಿದೀನಿ ಅಂದ್ರೂ, ಪರೀಕ್ಷೆ ಮಾಡ್ಬೇಕು ಅನ್ನೋ ನಿಯಮ ಬಂತು. ಸೈನಿಕನೇ ಬಂದು ಹೇಳ್ಲಿ ಅಂತ ಕಾಯದೇ, ಪರೀಕ್ಷೆನ ನಿಯಮದಲ್ಲೇ ಇಟ್ಟಿದ್ದು ಬಹಳ ಒಳ್ಳೇ ಕೆಲಸ ಅಂತ ನನ್ನ ಅನಿಸಿಕೆ, ಯಾಕಂದ್ರೆ ತಾನಾಗೇ ಬಂದು ಹೇಳೋರು ಕಡಿಮೆ.

ಶತ್ರು ಬಾಂಬ್ ಏನೂ ಬಿದ್ದಿಲ್ಲ, ನಮ್ಮದೇ ತೋಪು ರಾಕೆಟ್ ಹಾರಿಸಿದ್ದು. ಅದೂ ಲೆಕ್ಕಕ್ಕೆ ಬರತ್ತಾ?

ಬರತ್ತೆ, ಈಗ ಸಂಶೋಧಕರ ಗಮನ ಜಾಸ್ತಿ ಹೋಗ್ತಿರೋದು ಇದ್ರ ಮೇಲೇನೇ. ಭುಜದ ಮೇಲಿಟ್ಟು ಹಾರಿಸೋ ಕಾರ್ಲ್ ಗುಸ್ತಾಫ್ ಥರದ ಆಯುಧ, ಮಾರ್ಟರ್, ದೊಡ್ಡ ತೋಪು, ಸ್ಫೋಟಕ ಇಟ್ಟು ಬಾಗಿಲು ಒಡೆದು ನುಗ್ಗೋ ತಂಡ, ಇವರಿಗೆ ಒಂದು ಸಲಕ್ಕೆ ಕನ್ಕಷನ್ ಆಗೋವಷ್ಟು ಏಟು ಬೀಳಲ್ಲ, ಆದ್ರೆ ಟ್ರೇನಿಂಗಲ್ಲಿ ನೂರಾರು ಸಲ ಸಾವಿರಾರು ಸಲ ಬೀಳತ್ತೆ. ಜಾಸ್ತಿ ಹಾರಿಸಿದ ದಿನ ತಲೆನೋವು, ವಾಕರಿಕೆ, ಮಂಪರು, ಯೋಚನೆ ನಿಧಾನ ಆಗೋದು ಇವೆಲ್ಲ ಆ ತಂಡಗಳಲ್ಲಿ ಎಲ್ಲರಿಗೂ ಗೊತ್ತಿರೋ ವಿಷಯ, ಹೇಳ್ಕೊಳೋದು ಮಾತ್ರ ಇಲ್ಲ. ಅಮೆರಿಕದಲ್ಲಿ ಚದರ ಇಂಚಿಗೆ 4 ಪೌಂಡ್ ಒತ್ತಡ ದಾಟಿದ್ರೆ ಎಚ್ಚರಿಕೆ ತಗೊಳ್ಬೇಕು ಅನ್ನೋ ಮಿತಿ ಇದೆ, 2024ರ ಆಗಸ್ಟಲ್ಲಿ ರಕ್ಷಣಾ ಇಲಾಖೆ ಅದನ್ನ ಇಟ್ಕೊಂಡು ದೂರ ನಿಲ್ಲೋದು, ಅನಗತ್ಯವಾಗಿ ಹತ್ರ ಇರೋರನ್ನ ಕಡಿಮೆ ಮಾಡೋದು ಇಂಥ ಸೂಚನೆಗಳನ್ನ ಕೊಡ್ತು. ಆ 4 ಅನ್ನೋದು ಕಿವಿಗೆ ಆಗೋ ಹಾನಿ ನೋಡ್ಕೊಂಡು ಬಂದ ಸಂಖ್ಯೆ, ಅದಕ್ಕಿಂತ ಕಡಿಮೆ ಇದ್ರೆ ಮೆದುಳಿಗೆ ಏನೂ ಆಗಲ್ಲ ಅನ್ನೋ ಗ್ಯಾರಂಟಿ ಅಲ್ಲ.

ಹೆಲ್ಮೆಟ್ ಹಾಕಿದ್ರಲ್ಲ?

ಹೆಲ್ಮೆಟ್ ಮಾಡಿರೋದು ಚೂರು, ಗುಂಡು, ಬಡಿತ ತಡೆಯೋಕೆ. ಅದಕ್ಕೆ ಹಾಕಲೇಬೇಕು. ಒತ್ತಡದ ಅಲೆ ಮುಖದ ಕಡೆಯಿಂದ, ಕೆಳಗಿನ ಸಂದಿಯಿಂದ ಬರತ್ತೆ.

ಮೊದಲ ಕೆಲವು ದಿನ ಏನು ಮಾಡ್ಬೇಕು?

ತಲೆನೋವು ಏರ್ತಾನೇ ಹೋದ್ರೆ, ಪದೇ ಪದೇ ವಾಂತಿ ಆದ್ರೆ, ಫಿಟ್ಸ್ ಬಂದ್ರೆ, ಒಂದು ಕಣ್ಣಿನ ಪಾಪೆ ದೊಡ್ಡದಾದ್ರೆ, ಮಾತು ತೊದಲಿದ್ರೆ, ಕೈಕಾಲು ಬಲ ಕಡಿಮೆ ಆದ್ರೆ, ಎಬ್ಬಿಸಿದ್ರೂ ಏಳದೇ ಇದ್ರೆ ತಡ ಮಾಡ್ದೇ ಆಸ್ಪತ್ರೆಗೆ. ಇವು ಯಾವುದೂ ಇಲ್ಲಾಂದ್ರೆ ಒಂದೆರಡು ದಿನ ವಿಶ್ರಾಂತಿ, ಆಮೇಲೆ ನಿಧಾನಕ್ಕೆ ನಡಿಗೆ, ಹಗುರ ಕೆಲಸ, ಲಕ್ಷಣ ಜಾಸ್ತಿ ಆದ್ರೆ ಒಂದು ಹೆಜ್ಜೆ ಹಿಂದೆ. ವಾರಗಟ್ಟಲೆ ಕತ್ತಲೆ ರೂಮಲ್ಲಿ ಮಲಗಿಸೋದು ಹಳೇ ಪದ್ಧತಿ, ಅದ್ರಿಂದ ಚೇತರಿಕೆ ಇನ್ನೂ ತಡ ಆಗತ್ತೆ. ಮದ್ಯ ಕುಡಿಯೋದು ಬೇಡವೇ ಬೇಡ. ಪೂರ್ತಿ ವಾಸಿ ಆಗೋ ಮುಂಚೆ ಇನ್ನೊಂದು ಪೆಟ್ಟು ಬೀಳ್ಬಾರ್ದು, ಇದು ಎಲ್ಲಕ್ಕಿಂತ ಮುಖ್ಯ. ವಾಪಸ್ ಡ್ಯೂಟಿಗೆ ಹೋಗೋ ಆತುರದಲ್ಲಿ ಮುಚ್ಚಿಡೋರಿಗೆ ಒಂದು ಮಾತು: ನಿಧಾನ ಆದ ಕೈಯಿಂದ ಪಕ್ಕದವನ ಜೀವಕ್ಕೂ ಅಪಾಯ.

ತಿಂಗಳುಗಳು ಕಳೆದ್ರೂ ಹೋಗಿಲ್ಲ. ಚಿಕಿತ್ಸೆ ಇದ್ಯಾ?

ಮೆದುಳನ್ನ ಮೊದಲಿನ ಹಾಗೆ ಮಾಡೋ ಮಾತ್ರೆ ಇಲ್ಲ. ಆದ್ರೆ ನೆನಪು ಕೆಡಿಸ್ತಿರೋ ಬೇರೆ ಬೇರೆ ವಿಷಯಗಳನ್ನ ಒಂದೊಂದಾಗಿ ಸರಿ ಮಾಡ್ತಾ ಹೋದ್ರೆ ತಲೆ ಎಷ್ಟೋ ಹಗುರ ಆಗತ್ತೆ. ನಿದ್ದೆಯಿಂದ ಶುರು ಮಾಡಿ ಅಂತ ನಾನು ಹೇಳೋದು. ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಸಿಬಿಟಿ ಅನ್ನೋ, ಯೋಚನೆ ಮತ್ತೆ ಅಭ್ಯಾಸ ಬದಲಾಯಿಸೋ ಥೆರಪಿ, ಗೊರಕೆ ಮಧ್ಯೆ ಉಸಿರು ನಿಲ್ತಿದ್ರೆ ಸ್ಲೀಪ್ ಆಪ್ನಿಯಾ ಪರೀಕ್ಷೆ. ಆಮೇಲೆ ತಲೆನೋವು, ದಿನಾ ನೋವಿನ ಮಾತ್ರೆ ನುಂಗೋದ್ರಿಂದಲೇ ತಲೆನೋವು ಉಳಿದಿರ್ಬಹುದು ಅದನ್ನೂ ನೋಡ್ಬೇಕು. ಹೀಗೇ ಡಿಪ್ರೆಷನ್, ಪಿಟಿಎಸ್‌ಡಿ, ಕುಡಿತ, ಕಣ್ಣು, ಕಿವಿ ಇವನ್ನೂ ನೋಡ್ಬೇಕು, ತಲೆ ತಿರುಗೋದಕ್ಕೆ ವ್ಯಾಯಾಮ ಇದೆ. ಸಾಯೋ ಯೋಚನೆ ಬರ್ತಿದ್ರೆ ಇದ್ಯಾವುದಕ್ಕೂ ಕಾಯ್ಬೇಡಿ, ಅವತ್ತೇ ಡಾಕ್ಟರ್ ಹತ್ರ ಹೋಗಿ, ಒಬ್ಬರನ್ನೇ ಬಿಡ್ಬೇಡಿ.

ಇದ್ರ ಜೊತೆ ಕಾಗ್ನಿಟಿವ್ ರಿಹ್ಯಾಬ್ ಅಂತ ಇದೆ, ಥೆರಪಿಸ್ಟ್ ಜೊತೆ ಕೂತು ಡೈರಿ, ಅಲಾರಂ, ಚೆಕ್‌ಲಿಸ್ಟ್ ಬಳಸೋದನ್ನ ಅಭ್ಯಾಸ ಮಾಡೋದು, ಕೆಲಸನ ತುಂಡು ಮಾಡ್ಕೊಳೋದು. ಅಮೆರಿಕದ ಸ್ಯಾನ್ ಆಂಟೋನಿಯೋದಲ್ಲಿ 126 ಸೈನಿಕರ ಮೇಲೆ ನಡೆದ ಒಂದು ಪ್ರಯೋಗದಲ್ಲಿ ತಾವೇ ಕಂಪ್ಯೂಟರ್ ಮುಂದೆ ಕೂತು ಬ್ರೇನ್ ಗೇಮ್ ಮಾಡಿದವರಿಗಿಂತ ಥೆರಪಿಸ್ಟ್ ಜೊತೆ ಮಾಡಿದವರಿಗೆ ದಿನನಿತ್ಯದ ತೊಂದರೆ ಕಡಿಮೆ ಆಯ್ತು. ಹಾಗಾಗಿ ಆಪ್‌ಗೆ ದುಡ್ಡು ಹಾಕೋ ಮುಂಚೆ ಯೋಚನೆ ಮಾಡಿ.

ಆಕ್ಸಿಜನ್ ಚೇಂಬರ್ (ಒತ್ತಡ ಹೆಚ್ಚಿಸಿದ ಕೋಣೆಯಲ್ಲಿ ಕೂರಿಸಿ ಆಕ್ಸಿಜನ್ ಕೊಡೋದು) ಒಳ್ಳೇದು ಅಂತಾರಲ್ಲ?

ಅಮೆರಿಕದ ಸೇನೆಯೇ ಸೈನಿಕರ ಮೇಲೆ ಪ್ರಯೋಗ ಮಾಡಿ ನೋಡಿದೆ. ನಿಜವಾದ ಚಿಕಿತ್ಸೆ ತಗೊಂಡವರೂ, ಬರೀ ತೋರಿಕೆಗೆ ಚೇಂಬರ್ ಒಳಗೆ ಕೂತವರೂ ಹೆಚ್ಚುಕಮ್ಮಿ ಒಂದೇ ಥರ ಸುಧಾರಿಸಿದ್ರು. ಅಲ್ಲಿನ ಮಾರ್ಗಸೂಚಿ ಕನ್ಕಷನ್ ಲಕ್ಷಣಕ್ಕೆ ಇದನ್ನ ಬೇಡ ಅನ್ನತ್ತೆ. ಸಾಲ ಮಾಡಿ ಹೋಗ್ಬೇಡಿ.

ಮುಂದೆ ಡಿಮೆನ್ಷಿಯಾ (ಮರೆವಿನ ಕಾಯಿಲೆ), ಸಿಟಿಇ (ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದವರಲ್ಲಿ ಕಾಣೋ ಮೆದುಳಿನ ಕಾಯಿಲೆ) ಬರತ್ತಾ?

2018ರಲ್ಲಿ ಡೆಬೊರಾ ಬಾರ್ನ್ಸ್ ತಂಡ ಅಮೆರಿಕದ ಲಕ್ಷಾಂತರ ಮಾಜಿ ಸೈನಿಕರ ದಾಖಲೆ ನೋಡಿ, ಪ್ರಜ್ಞೆ ತಪ್ಪದೇ ಇದ್ದ ಮೈಲ್ಡ್ ಪೆಟ್ಟಿನಲ್ಲೂ ಡಿಮೆನ್ಷಿಯಾ ಅಪಾಯ ಪೆಟ್ಟಾಗದವರಿಗಿಂತ ಎರಡು ಪಟ್ಟಿಗೂ ಸ್ವಲ್ಪ ಜಾಸ್ತಿ ಅಂತ ಹೇಳ್ತು. ಕೇಳೋಕೆ ಭಯ ಆಗತ್ತೆ, ಆದ್ರೆ ಇದು ಸಂಬಂಧ ತೋರಿಸತ್ತೆ, ಕಾರಣ ಅಂತ ಸಾಬೀತು ಮಾಡಲ್ಲ, ಪೆಟ್ಟಾದ ಹೆಚ್ಚಿನವರಿಗೆ ಡಿಮೆನ್ಷಿಯಾ ಬರಲ್ಲ. ಸಿಟಿಇ ಬಗ್ಗೆ 2022ರಲ್ಲಿ ತೀರಿಕೊಂಡ 225 ಸೈನಿಕರ ಮೆದುಳು ನೋಡಿದಾಗ 10 ಜನರಲ್ಲಿ ಮಾತ್ರ ಸಿಕ್ತು, ಆ 10 ಜನರೂ ಮೈಗೆ ಮೈ ತಾಗೋ ಆಟ ಆಡಿದವರು. ಸ್ಫೋಟದ ಇತಿಹಾಸ ಇದ್ದ 45 ಜನರಲ್ಲಿ 3. ಸಿಟಿಇ ಇದೆ ಅಂತ ಬದುಕಿದ್ದಾಗ ಖಚಿತ ಮಾಡೋ ಪರೀಕ್ಷೆ ಇಲ್ಲ, ಯಾರಾದ್ರೂ ನಿಮಗೆ ಇದೆ ಅಂತ ಖಡಾಖಂಡಿತ ಹೇಳಿದ್ರೆ ನಂಬ್ಬೇಡಿ. ಬಿಪಿ, ಶುಗರ್, ನಿದ್ದೆ, ಕಿವಿ, ಓಡಾಟ ಇವುಗಳನ್ನ ನೋಡ್ಕೊಳೋದು ನಮ್ಮ ಕೈಯಲ್ಲಿದೆ.

ಮನೆಯವರು ಏನು ಮಾಡ್ಬಹುದು?

ಒಂದು ಸಲಕ್ಕೆ ಒಂದೇ ವಿಷಯ ಹೇಳಿ, ಟಿವಿ ಆರಿಸಿ ಎದುರು ಕೂತು ಹೇಳಿ. ಮುಖ್ಯವಾದ್ದು ಒಂದೇ ಜಾಗದಲ್ಲಿ ಬರೆದಿಡಿ. ಮಕ್ಕಳ ಮುಂದೆ "ಇವರಿಗೆ ಏನೂ ನೆನಪಿರಲ್ಲ" ಅಂತ ಅನ್ಬೇಡಿ. ಡಾಕ್ಟರ್ ಹತ್ರ ಜೊತೆಗೆ ಹೋಗಿ, ಅವರು ಹೇಳದೇ ಬಿಡೋದನ್ನ ನೀವು ಹೇಳಿ. ಸಿಟ್ಟಲ್ಲಿ ಕೈ ಮಾಡೋ ಮಟ್ಟಕ್ಕೆ ಬಂದ್ರೆ ಪೆಟ್ಟಾಗಿದೆ ಅಂತ ಸಹಿಸ್ಕೊಂಡು ಕೂರ್ಬೇಡಿ, ನೀವೂ ಮಕ್ಕಳೂ ಸುರಕ್ಷಿತವಾಗಿರೋದು ಮೊದಲು.

ಹತ್ತು ವರ್ಷದ ಹಿಂದಿನ ಸ್ಫೋಟಗಳ ಲೆಕ್ಕ ಈಗ ಬರೆದಿಟ್ರೆ ಏನುಪಯೋಗ?

ಬಹಳ ಇದೆ. ಆಸ್ಪತ್ರೆಗೆ ಹೋಗದೇ ಇದ್ದ ಘಟನೆ ಯಾವ ದಾಖಲೆಯಲ್ಲೂ ಇರಲ್ಲ, ಡಾಕ್ಟರಿಗೂ ಪಿಂಚಣಿ ಕಚೇರಿಗೂ ಕಾಗದ ಬೇಕು. ಯಾವ ವರ್ಷ, ಎಲ್ಲಿ, ಎಷ್ಟು ದೂರ, ಒಳಗಿದ್ರಾ ಹೊರಗಿದ್ರಾ, ಪ್ರಜ್ಞೆ ತಪ್ಪಿತ್ತಾ, ಆಮೇಲಿನ ಎಷ್ಟು ಹೊತ್ತು ನೆನಪಿಲ್ಲ, ಕಿವಿಯಿಂದ ರಕ್ತ ಬಂದಿತ್ತಾ, ಪಕ್ಕದಲ್ಲಿ ಯಾರಿದ್ರು, ಯಾವ ಆಯುಧ ಸುಮಾರು ಎಷ್ಟು ವರ್ಷ ಹಾರಿಸಿದ್ರು. ತನಗೆ ನೆನಪಿಲ್ಲದ ಭಾಗನ ಅವತ್ತು ಜೊತೆಗಿದ್ದ ಗೆಳೆಯರಿಗೆ ಫೋನ್ ಮಾಡಿ ಕೇಳಿ ತುಂಬಿಸಿ, ಅವರ ಹೇಳಿಕೆನೂ ಬರೆಸಿ ಸಹಿ ಹಾಕಿಸ್ಕೊಳಿ. ಪ್ರತಿ ಹೊಸ ಡಾಕ್ಟರಿಗೂ ಅದರ ಒಂದು ಕಾಪಿ ಕೊಡಿ.